ಹಲ್ಲು ಸಡಿಲ ಮಾಡುವವರು ಯಾರು?

ನಮ್ಮ ಚಿಕ್ಕಪ್ಪನಿಗೆ ಹಲ್ಲಿನ ಡಾಕ್ಟರುಗಳ ಮೇಲೆ ಹಳೇ ಸಿಟ್ಟು. "ಗಟ್ಟಿಯಾಗಿದ್ದ ಹಲ್ಲನ್ನ ಕ್ಲೀನಿಂಗ್ ಅಂತ ಕೆರೆದು ಅಲ್ಲಾಡೋ ಹಂಗೆ ಮಾಡಿಬಿಟ್ಟ" ಎಂಬುದು ಅವರ ದೂರು. ಹತ್ತು ವರ್ಷದಿಂದ ಮದುವೆ ಮನೆ, ತಿಥಿ ಮನೆ ಎಲ್ಲ ಕಡೆ ಇದೇ ಕಥೆ. ಕೇಳಿದವರಲ್ಲಿ ಅರ್ಧ ಜನ "ನಮ್ಮತ್ತೆಗೂ ಹಂಗೇ ಆಯ್ತು" ಎಂದು ತಲೆಯಾಡಿಸುತ್ತಾರೆ. ಹಾಗಾಗಿ ಕಥೆ ಇನ್ನಷ್ಟು ಗಟ್ಟಿಯಾಗಿದೆ, ಹಲ್ಲು ಮಾತ್ರ ಆಗಿಲ್ಲ.

ಹೋದ ವರ್ಷ ಕೋಡುಬಳೆ ಕಚ್ಚಿದಾಗ ಕೆಳಗಿನ ಮುಂದಿನ ಹಲ್ಲು ಅಲ್ಲಾಡಿತು. ನಾನೇ ಒತ್ತಾಯ ಮಾಡಿ ವಸಡಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹುಡುಗಿ. ಬೆಂಕಿಕಡ್ಡಿಗಿಂತ ಸಣ್ಣಗಿರುವ ಒಂದು ಉಕ್ಕಿನ ಕಡ್ಡಿ ತೆಗೆದುಕೊಂಡರು. ಅದರ ಮೇಲೆ ಮಿಲಿಮೀಟರ್ ಗುರುತು. ಅದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸುತ್ತಾ ಸಂಖ್ಯೆ ಹೇಳುತ್ತಾ ಹೋದರು. ಪಕ್ಕದಲ್ಲಿ ಸಹಾಯಕಿ ಬರೆದುಕೊಳ್ಳುತ್ತಿದ್ದಳು. "ಮೂರು, ಎರಡು, ಮೂರು. ನಾಲ್ಕು, ಮೂರು, ಐದು. ಬ್ಲೀಡಿಂಗ್." ಒಂದೊಂದು ಹಲ್ಲಿಗೆ ಆರು ಕಡೆ ಅಳತೆ. ಅಲ್ಲಾಡುವ ಹಲ್ಲಿಗೆ ಬಂದಾಗ "ಏಳು" ಎಂದರು. ಚಿಕ್ಕಪ್ಪ ಬಾಯಿ ತೆರೆದುಕೊಂಡೇ ನನ್ನ ಕಡೆ ಕಣ್ಣು ಹೊರಳಿಸಿದರು.

ಏಳು ಎಂದರೆ ಏನು? ಹಲ್ಲಿಗೂ ವಸಡಿಗೂ ನಡುವೆ ಎಲ್ಲರಿಗೂ ಒಂದು ಸಣ್ಣ ಸಂದು ಇರುತ್ತದೆ. ಒಂದರಿಂದ ಮೂರು ಮಿಲಿಮೀಟರ್ ಆಳ. ಅದು ಸರಿ. ನಾಲ್ಕು ಮುಟ್ಟಿದರೆ ಅದನ್ನು ಪಾಕೆಟ್ ಎನ್ನುತ್ತಾರೆ. ಗೋಡೆಗೆ ಮೊಳೆ ಹೊಡೆದ ಹಾಗೆ ಹಲ್ಲು ಮೂಳೆಯಲ್ಲಿ ಕೂತಿರುವುದಿಲ್ಲ. ಬೇರಿನ ಸುತ್ತ ಸಾವಿರಾರು ಸಣ್ಣ ನಾರುಗಳಿದ್ದು, ಅವು ಹಲ್ಲನ್ನು ಮೂಳೆಗೆ ಎಳೆದು ಕಟ್ಟಿರುತ್ತವೆ. ಪಾಕೆಟ್ ಆಳವಾದಂತೆ ಆ ನಾರು ಕಳಚುತ್ತದೆ, ಮೂಳೆ ಕೆಳಕ್ಕೆ ಸರಿಯುತ್ತದೆ. ಕೆಳಗಿನ ಮುಂದಿನ ಹಲ್ಲಿನ ಬೇರು ಸುಮಾರು 12 ಮಿಲಿಮೀಟರ್ ಉದ್ದ. ಅದರಲ್ಲಿ ಅರ್ಧದಷ್ಟು ಹಿಡಿತ ಹೋಗಿದ್ದರೆ ಕೋಡುಬಳೆಗೆ ಅಲ್ಲಾಡದೆ ಇನ್ನೇನು ಮಾಡುತ್ತದೆ.

ಅಳತೆ ಮುಗಿದ ಮೇಲೆ ಚಿಕ್ಕಪ್ಪ ಒಂದು ಪ್ರಶ್ನೆ ಕೇಳಿದರು. "ನಾನು ದಿನಾ ಉಜ್ತೀನಮ್ಮ. ನಮ್ಮ ಸೋದರಮಾವ ಬರೀ ಬೇವಿನ ಕಡ್ಡಿ, ಅದೂ ನೆನಪಾದಾಗ. ಎಂಬತ್ತು ವರ್ಷದ ತನಕ ಕಬ್ಬು ಸಿಗಿದು ತಿಂತಿದ್ದ. ನಂಗ್ಯಾಕೆ ಹಿಂಗೆ?"

ಡಾಕ್ಟರ್ ನಕ್ಕರು. "ಅಂಕಲ್, ಇದಕ್ಕೇ ಎಲ್ಲರೂ ಅರವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿರೋದು" ಎಂದರು. ಸುಮ್ನೆ ಹೇಳಿದ ಮಾತಲ್ಲ ಅದು. ವಸಡಿನ ಕಾಯಿಲೆಯ ಸಂಶೋಧನೆ ಇಡೀ ಈ ಒಂದು ಪ್ರಶ್ನೆಯ ಸುತ್ತ ತಿರುಗಿದೆ.

ಕಥೆ ಶುರುವಾಗುವುದು ಡೆನ್ಮಾರ್ಕಿನ ಓರ್ಹೂಸ್ ಊರಿನಿಂದ. 1965ರಲ್ಲಿ ಹ್ಯಾರಾಲ್ಡ್ ಲೋ ಎಂಬ ನಾರ್ವೆಯ ದಂತವಿಜ್ಞಾನಿ ಮತ್ತು ಜೊತೆಗಾರರು ಒಂದು ಸರಳ ಪ್ರಯೋಗದ ವರದಿ ಪ್ರಕಟಿಸಿದರು. ವಸಡು ಚೆನ್ನಾಗಿದ್ದ 12 ಜನರನ್ನು ಆರಿಸಿಕೊಂಡು, ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿ ಎಂದರು. ಹೆಚ್ಚಿನವರು ದಂತ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳೇ. ಆ ದಿನಗಳಲ್ಲಿ ಅವರ ಪಕ್ಕ ಕೂತು ಪಾಠ ಕೇಳಿದವರ ಪಾಡು ದೇವರಿಗೇ ಗೊತ್ತು. 10ರಿಂದ 21 ದಿನದೊಳಗೆ ಅಷ್ಟೂ ಜನರ ವಸಡು ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದರು. ಒಂದು ವಾರದ ಹೊತ್ತಿಗೆ ಸರಿಹೋಯಿತು.

ಅಲ್ಲಿಯವರೆಗೆ ವಸಡಿನ ಕಾಯಿಲೆಗೆ ನೂರೆಂಟು ಕಾರಣ ಹೇಳುತ್ತಿದ್ದರು. ವಿಟಮಿನ್ ಕೊರತೆ, ವಯಸ್ಸು, ಹಲ್ಲು ಕಚ್ಚುವ ರೀತಿ, ರಕ್ತದ ದೋಷ. ಈ 12 ಜನರ ಬಾಯಿ ಅದಕ್ಕೆಲ್ಲ ತೆರೆ ಎಳೆಯಿತು. ಹಲ್ಲಿನ ಮೇಲೆ ಕೂರುವ ಲೋಳೆಯಂಥ ಪದರ, ಅಂದರೆ ಪ್ಲಾಕ್, ಅದರಲ್ಲಿರುವ ಬ್ಯಾಕ್ಟೀರಿಯಾ, ಇವೇ ಕಾರಣ ಎಂದಾಯಿತು. ಉಜ್ಜಿದರೆ ಕಾಯಿಲೆ ಇಲ್ಲ, ಉಜ್ಜದಿದ್ದರೆ ಕಾಯಿಲೆ. ಲೆಕ್ಕ ಎಷ್ಟು ಸಲೀಸು ಅಲ್ವಾ.

ಆದರೆ ಈ ಪ್ರಯೋಗದಲ್ಲಿ ಕಂಡದ್ದು ವಸಡಿನ ಮೇಲಿನ ಊತ ಮಾತ್ರ. ಮೂಳೆ ಕರಗಿ ಹಲ್ಲು ಬೀಳುವುದು ಬೇರೆ ಹಂತ. ಅದಕ್ಕೆ ವರ್ಷಗಳೇ ಬೇಕು. ಅದನ್ನು ನೋಡಲು ಇದೇ ಲೋ ತಂಡ ಶ್ರೀಲಂಕಾಕ್ಕೆ ಹೋಯಿತು. 1970ರಲ್ಲಿ ಚಹಾ ತೋಟಗಳ 480 ಗಂಡು ಕೂಲಿಕಾರರ ಬಾಯಿ ಪರೀಕ್ಷೆ ಮಾಡಿದರು. 14ರಿಂದ 31 ವರ್ಷದವರು. ತಮಿಳುನಾಡಿನಿಂದ ತೋಟಕ್ಕೆ ದುಡಿಯಲು ಹೋದವರ ಮಕ್ಕಳು, ಮೊಮ್ಮಕ್ಕಳು. ಬ್ರಷ್ ಕಂಡವರಲ್ಲ, ಹಲ್ಲಿನ ಡಾಕ್ಟರ ಮುಖ ನೋಡಿದವರಲ್ಲ. ಸಂಶೋಧಕರಿಗೆ ಬೇಕಾಗಿದ್ದೂ ಅದೇ. ಕಾಯಿಲೆಯನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲಿಗೆ ಹೋಗುತ್ತದೆ ಎಂದು 1985ರವರೆಗೆ ಮತ್ತೆ ಮತ್ತೆ ಹೋಗಿ ಅಳೆದರು.

ಈ ಅಧ್ಯಯನದ ಬಗ್ಗೆ ಓದುವಾಗಲೆಲ್ಲ ನನಗೆ ಒಂದು ಇರಿಸುಮುರಿಸು. ಅದೇ ಹೊತ್ತಿನಲ್ಲಿ ನಾರ್ವೆಯ ಓಸ್ಲೋದಲ್ಲಿ ವಿದ್ಯಾರ್ಥಿಗಳು, ಓದಿದವರ ಇನ್ನೊಂದು ಗುಂಪನ್ನೂ ನೋಡುತ್ತಿದ್ದರು. ಅವರಿಗೆ ಚಿಕ್ಕಂದಿನಿಂದ ಹಲ್ಲಿನ ಆರೈಕೆ ಸಿಕ್ಕಿತ್ತು. ಆ ಕಡೆಯವರ ಆರೈಕೆ, ಈ ಕಡೆಯವರ ಬಡತನ, ಎರಡೂ ಪ್ರಯೋಗದ ಸಾಮಗ್ರಿ. ಇಂದು ಯಾವುದೇ ಎಥಿಕ್ಸ್ ಸಮಿತಿ ಇಂಥದ್ದಕ್ಕೆ ಸುಲಭವಾಗಿ ಒಪ್ಪುವುದು ಕಷ್ಟ. ಆದರೂ ಆ ತೋಟದ ಬಾಯಿಗಳು ಕಲಿಸಿದ್ದನ್ನು ಇಂದಿಗೂ ಪ್ರತಿ ದಂತ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ.

ಅವರೆಲ್ಲರ ಹಲ್ಲಿನ ಮೇಲೂ ಪ್ಲಾಕ್ ರಾಶಿ, ಗಟ್ಟಿ ಪಾಚಿ, ಕಲೆ. ವಸಡು ಎಲ್ಲರದ್ದೂ ಊದಿತ್ತು. ಕೊಳೆ ಒಂದೇ ಥರ. ಫಲ ಮಾತ್ರ ಒಂದೇ ಥರ ಇರಲಿಲ್ಲ. 100ರಲ್ಲಿ 8 ಜನರಿಗೆ ಕಾಯಿಲೆ ಓಟ ಕಿತ್ತಿತ್ತು. 35ನೇ ವಯಸ್ಸಿಗೆ ಇವರ ಹಲ್ಲು ಸರಾಸರಿ 9 ಮಿಲಿಮೀಟರ್ ಹಿಡಿತ ಕಳೆದುಕೊಂಡಿತ್ತು. 81 ಜನರಿಗೆ ಮಧ್ಯಮ ವೇಗ, ಅದೇ ವಯಸ್ಸಿಗೆ ಸುಮಾರು 4 ಮಿಲಿಮೀಟರ್. ಉಳಿದ 11 ಜನರಿಗೆ? ಒಂದು ಮಿಲಿಮೀಟರಿಗಿಂತ ಕಡಿಮೆ. ಜೀವನದಲ್ಲಿ ಬ್ರಷ್ ಮುಟ್ಟದವರು, ವಸಡು ಊದಿದ್ದವರು, ಆದರೂ ಮೂಳೆ ಜಾಗ ಬಿಟ್ಟು ಕದಲಿಲ್ಲ.

ಚಿಕ್ಕಪ್ಪನ ಸೋದರಮಾವ ಈ 11 ಜನರ ಪೈಕಿ ಇರಬೇಕು.

ಹಾಗಾದರೆ ಕೊಳೆ ಬೇಕು, ಆದರೆ ಕೊಳೆ ಒಂದೇ ಸಾಲದು. ಇನ್ನೇನು? ಮೊದಲು ಅನುಮಾನ ಹೋಗಿದ್ದು ಬ್ಯಾಕ್ಟೀರಿಯಾಗಳ ಜಾತಿಯ ಮೇಲೆ. ಬಾಯಿಯ ಕ್ರಿಮಿಗಳು ಹೊಸಬರೇನಲ್ಲ. 1683ರಲ್ಲೇ ಹಾಲೆಂಡಿನ ಲೇವೆನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಪದಾರ್ಥವನ್ನು ತೆಗೆದು ಮಸೂರದಡಿ ನೋಡಿ, ಅದರಲ್ಲಿ ಪುಟ್ಟ ಜೀವಿಗಳು ಓಡಾಡುತ್ತಿವೆ ಎಂದು ಲಂಡನ್ನಿಗೆ ಪತ್ರ ಬರೆದಿದ್ದ. ಅಷ್ಟು ಜನರ ಸಂತೆಯಲ್ಲಿ ಕಳ್ಳ ಯಾರು ಎನ್ನುವುದು ಪ್ರಶ್ನೆ. 1998ರಲ್ಲಿ ಅಮೆರಿಕದ ಸಿಗ್ಮಂಡ್ ಸೊಕ್ರಾನ್ಸ್ಕಿ ತಂಡ ಸಾವಿರಾರು ಪ್ಲಾಕ್ ಮಾದರಿಗಳನ್ನು ಜಾಲಾಡಿ, ಆಳ ಪಾಕೆಟ್ ಇರುವಲ್ಲೆಲ್ಲ ಒಟ್ಟಿಗೆ ಸಿಗುವ ಮೂರು ಬ್ಯಾಕ್ಟೀರಿಯಾಗಳಿಗೆ 'ಕೆಂಪು ಗುಂಪು' ಎಂದು ಹೆಸರಿಟ್ಟಿತು. ಅದರಲ್ಲಿ ಕುಖ್ಯಾತ ಎಂದರೆ ಪೋರ್ಫಿರೋಮೋನಾಸ್ ಜಿಂಜೈವಾಲಿಸ್. ನಾಲಿಗೆ ತೊಡರುವ ಹೆಸರು. ಪಿ.ಜಿ. ಎಂದುಬಿಡೋಣ. ನಮ್ಮ ಊರುಗಳಲ್ಲಿ ಪಿ.ಜಿ. ಎಂದರೆ ಹಾಸ್ಟೆಲ್ ಥರ, ಇದೂ ಬಾಡಿಗೆಗೆ ಬಂದು ಕೂರುವ ಗಿರಾಕಿಯೇ.

ಕಳ್ಳ ಸಿಕ್ಕ ಎಂದುಕೊಂಡರು. ಆದರೆ ತೊಡಕು ಇತ್ತು. ಈ ಕ್ರಿಮಿ ಆರೋಗ್ಯವಾಗಿರುವವರ ಬಾಯಲ್ಲೂ ಸಿಗುತ್ತದೆ. ಸಂಖ್ಯೆಯೂ ಜಾಸ್ತಿ ಇರುವುದಿಲ್ಲ. 2011ರಲ್ಲಿ ಜಾರ್ಜ್ ಹಾಜಿಶೆಂಗಲಿಸ್ ಮತ್ತು ಜೊತೆಗಾರರು ಇಲಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ಬಿಡಿಸಿತು. ಇಲಿಯ ಬಾಯಿಗೆ ಪಿ.ಜಿ. ಬಿಟ್ಟರು. ಒಟ್ಟು ಬ್ಯಾಕ್ಟೀರಿಯಾದಲ್ಲಿ ಅದರ ಪಾಲು 10,000ಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೂ ಮೂಳೆ ಕರಗಿತು. ಇನ್ನು ಕೆಲವು ಇಲಿಗಳನ್ನು ಹುಟ್ಟಿನಿಂದಲೇ ಯಾವ ಕ್ರಿಮಿಯೂ ಸೋಂಕದಂತೆ ಬೆಳೆಸಿದ್ದರು. ಅವುಗಳ ಬಾಯಿಗೆ ಪಿ.ಜಿ. ಒಂದನ್ನೇ ಬಿಟ್ಟರು. ಮೂಳೆಗೆ ಏನೂ ಆಗಲಿಲ್ಲ!

ಅಂದರೆ ಈ ಆಸಾಮಿ ತಾನೇ ಕೈಯಾರೆ ಏನೂ ಕೆಡಿಸುವುದಿಲ್ಲ. ಊರಲ್ಲಿ ಒಬ್ಬ ಇರುತ್ತಾನಲ್ಲ, ತಾನು ಕಲ್ಲು ಎಸೆಯುವುದಿಲ್ಲ, ಆದರೆ ಅವನು ಬಂದು ಹೋದ ಮೇಲೆ ಜಾತ್ರೆಯಲ್ಲಿ ಗಲಾಟೆ ಆಗಿಯೇ ಆಗುತ್ತದೆ. ಹಾಗೆ. ಪಿ.ಜಿ. ಮಾಡುವ ಕಿತಾಪತಿ ಎಂದರೆ ನಮ್ಮ ದೇಹದ ಕಾವಲು ವ್ಯವಸ್ಥೆಯ ದಿಕ್ಕು ತಪ್ಪಿಸುವುದು. ರಕ್ತದಲ್ಲಿ 'ಕಾಂಪ್ಲಿಮೆಂಟ್' ಎಂಬ ಪ್ರೋಟೀನುಗಳ ಒಂದು ದಂಡಿದೆ. ಕ್ರಿಮಿ ಕಂಡರೆ ಸೈರನ್ ಊದುವುದು ಅದರ ಕೆಲಸ. ಪಿ.ಜಿ. ಆ ಸೈರನ್ ಕೆಟ್ಟು ಕೂಗುವಂತೆ ಮಾಡುತ್ತದೆ. ಕ್ರಿಮಿ ಕೊಲ್ಲುವ ಕೆಲಸ ನಿಲ್ಲುತ್ತದೆ, ಉರಿಯೂತ ಮಾತ್ರ ನಿಲ್ಲುವುದಿಲ್ಲ. ಇದುವರೆಗೆ ಸಾಧುವಾಗಿದ್ದ ಬೇರೆ ಬ್ಯಾಕ್ಟೀರಿಯಾಗಳು ಹಬ್ಬ ಮಾಡುತ್ತವೆ. ಸೈರನ್ನಿನ ಆ ಸಂದೇಶ ಹಿಡಿಯುವ ಭಾಗವೇ ಇಲ್ಲದ ಇಲಿಗಳಲ್ಲಿ ಪಿ.ಜಿ. ಬಿಟ್ಟರೂ ಮೂಳೆ ಕರಗಲಿಲ್ಲ.

ಮೂಳೆ ಕರಗಿಸುವುದು ಕೊನೆಗೂ ಯಾರು ಹಾಗಾದರೆ? ನಾವೇ. ನಮ್ಮದೇ ಕೋಶಗಳು. ಬಿಳಿ ರಕ್ತಕಣಗಳು ಕ್ರಿಮಿಗೆಂದು ಸುರಿಯುವ ರಾಸಾಯನಿಕ ಹಲ್ಲಿನ ನಾರನ್ನು ಸವೆಸುತ್ತದೆ. ಮೂಳೆ ಒಡೆಯುವ ಕೋಶಗಳಿಗೆ ಉರಿಯೂತವೇ ಆಜ್ಞೆ ಕಳಿಸುತ್ತದೆ. ಬೆಂಕಿಯಿಂದ ದೂರ ಸರಿಯುವ ಹಾಗೆ ಮೂಳೆ ಹಿಂದೆ ಸರಿಯುತ್ತದೆ. ಸೋರುವ ರಕ್ತ, ಮುರಿದ ಪ್ರೋಟೀನು ಪಿ.ಜಿ.ಯಂಥ ಕ್ರಿಮಿಗಳಿಗೆ ಒಳ್ಳೇ ಊಟ. ಕೊಳೆಯಿಂದ ಉರಿಯೂತ, ಉರಿಯೂತದಿಂದ ಕೆಟ್ಟ ಕ್ರಿಮಿ, ಅದರಿಂದ ಮತ್ತೆ ಉರಿಯೂತ. ಗಾಣದ ಎತ್ತಿನ ಹಾಗೆ ಸುತ್ತು.

ಇದು ಇಲಿಯ ಕಥೆ, ಮನುಷ್ಯರಲ್ಲಿ ಏನು ಸಾಕ್ಷಿ ಎಂದು ಕೇಳಬಹುದು. ನನಗೆ ತುಂಬ ಹಿಡಿಸಿದ ಸಾಕ್ಷಿ ಒಂದಿದೆ. ಎಲ್‌ಎಡಿ-1 ಎಂಬ ಬಲು ಅಪರೂಪದ ಹುಟ್ಟು ಕಾಯಿಲೆ. ಇದು ಇರುವ ಮಕ್ಕಳ ಬಿಳಿ ರಕ್ತಕಣಗಳಿಗೆ ರಕ್ತನಾಳದಿಂದ ಹೊರಗೆ ಬರಲು ಆಗುವುದಿಲ್ಲ. ಚಿಕ್ಕ ವಯಸ್ಸಿಗೇ ವಸಡು ಕರಗಿ ಹಲ್ಲು ಉದುರುತ್ತದೆ. ಕಾವಲಿಗೆ ಯಾರೂ ಇಲ್ಲ, ಕ್ರಿಮಿ ನುಗ್ಗಿ ತಿನ್ನುತ್ತಿದೆ ಎಂದೇ ಎಲ್ಲರೂ ನಂಬಿದ್ದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿಕಿ ಮೌಟ್ಸೊಪೌಲಸ್ ತಂಡ ಆ ಮಕ್ಕಳ ವಸಡನ್ನೇ ನೋಡಿತು. ಬ್ಯಾಕ್ಟೀರಿಯಾ ಹಲ್ಲಿನ ಮೇಲೆ ಇತ್ತು, ಅಂಗಾಂಶದ ಒಳಗೆ ನುಗ್ಗಿರಲಿಲ್ಲ. ಒಳಗೆ ಉಕ್ಕುತ್ತಿದ್ದುದು ಇಂಟರ್‌ಲ್ಯೂಕಿನ್-17 ಎಂಬ ಉರಿಯೂತದ ರಾಸಾಯನಿಕ. ಈ ಸಂಗತಿ 2014ರಲ್ಲಿ ಪ್ರಕಟವಾಯಿತು. ಒಬ್ಬ ರೋಗಿಗೆ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಗೆ ಕೊಡುವ ಇಂಜೆಕ್ಷನ್ ಕೊಟ್ಟು ನೋಡಿದ ವರದಿ 2017ರಲ್ಲಿ ಬಂತು. ಅದು ಕ್ರಿಮಿ ಕೊಲ್ಲುವ ಔಷಧಿಯೇ ಅಲ್ಲ, ಉರಿಯೂತದ ಸಂದೇಶ ತಡೆಯುವ ಔಷಧಿ. ವಸಡಿನ ಉರಿಯೂತ ಇಳಿಯಿತು.

ಕಾರಣದ ವಿಷಯದಲ್ಲಿ ಇಷ್ಟು ದೂರ ಬಂದಿದ್ದೇವೆ. ಹುಟ್ಟಿನ ಪಾಲೂ ಇದೆ. 2000ದಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನ ಒಂದರ ಪ್ರಕಾರ ಒಬ್ಬರಿಂದ ಒಬ್ಬರಿಗಿರುವ ವ್ಯತ್ಯಾಸದಲ್ಲಿ ಸುಮಾರು ಅರ್ಧ ವಂಶವಾಹಿಯದ್ದು. ಹೊಗೆಸೊಪ್ಪಿನ ಪಾಲಂತೂ ಕೇಳುವುದೇ ಬೇಡ. ಬೀಡಿ, ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ. ರಕ್ತನಾಳ ಕುಗ್ಗಿರುತ್ತದೆ ಅಷ್ಟೇ. "ನಂಗೆ ಯಾವತ್ತೂ ರಕ್ತ ಬಂದಿಲ್ಲ" ಎಂದು ಹೇಳುವ ಸಿಗರೇಟು ಪ್ರಿಯರ ಪಾಕೆಟ್ ಒಳಗೊಳಗೇ ಆಳವಾಗಿರುತ್ತದೆ.

ಇನ್ನು ಚಿಕಿತ್ಸೆ. ಕಾರಣದ ಕಥೆ ಇಷ್ಟು ಬದಲಾದ ಮೇಲೆ ಚಿಕಿತ್ಸೆಯೂ ಬದಲಾಗಿರಬೇಕಲ್ಲ? ಬದಲಾಗಿಲ್ಲ. ಇಂದಿಗೂ ಮೊದಲ ಚಿಕಿತ್ಸೆ ಕೆರೆಯುವುದೇ. ಇದು ನಾಚಿಕೆಯ ಮಾತು ಎಂದು ನನಗೆ ಮೊದಲು ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಬೇರೆ ದಾರಿಗಳನ್ನು ಹಿಡಿದು ಹೋದವರ ಅನುಭವ ನೋಡಿದರೆ ಕೆರೆಯುವುದರ ಬೆಲೆ ಗೊತ್ತಾಗುತ್ತದೆ.

ಆಂಟಿಬಯೋಟಿಕ್ ನೋಡೋಣ. ಕ್ರಿಮಿಯಿಂದ ಕಾಯಿಲೆ, ಹಾಗಾಗಿ ಮಾತ್ರೆ ನುಂಗಿ. ನಮ್ಮಲ್ಲಿ ಮೆಡಿಕಲ್ ಶಾಪಿನ ಕೌಂಟರಿನಲ್ಲೇ ವಸಡು ನೋವಿಗೆ ಮಾತ್ರೆ ಸಿಗುತ್ತದೆ. ಎರಡು ದಿನ ನೋವು ಇಳಿಯಬಹುದು. ಆದರೆ ಪ್ಲಾಕ್ ಎನ್ನುವುದು ಬಿಡಿ ಬಿಡಿ ಕ್ರಿಮಿಗಳಲ್ಲ, ಅಂಟಿನ ಗೂಡು ಕಟ್ಟಿಕೊಂಡ ಊರು. ಆ ಗೂಡನ್ನು ಒಡೆಯದೆ ಔಷಧಿ ಒಳಗೆ ಇಳಿಯುವುದು ಕಷ್ಟ. 2020ರ ಯುರೋಪಿನ ಮಾರ್ಗಸೂಚಿ ಮಾಮೂಲಿಯಾಗಿ ಆಂಟಿಬಯೋಟಿಕ್ ಕೊಡಬೇಡಿ ಎನ್ನುತ್ತದೆ. ಚಿಕ್ಕ ವಯಸ್ಸಿಗೇ ತೀವ್ರ ಕಾಯಿಲೆ ಬಂದವರಂಥ ಕೆಲವರಿಗೆ, ಅದೂ ಕೆರೆದ ಜೊತೆಗೆ, ಯೋಚಿಸಬಹುದು ಎಂದಷ್ಟೇ.

ಇದರಲ್ಲಿ ಒಂದು ತಮಾಷೆಯ ಕವಲು ಇದೆ. ನ್ಯೂಯಾರ್ಕ್ ರಾಜ್ಯದ ಲಾರ್ನ್ ಗೋಲಬ್ 1980ರ ದಶಕದಲ್ಲಿ ಡಯಾಬಿಟಿಸ್ ಇರುವ ಇಲಿಗಳಿಗೆ ಟೆಟ್ರಾಸೈಕ್ಲಿನ್ ಜಾತಿಯ ಔಷಧಿ ಕೊಟ್ಟರು. ವಸಡಿನ ನಾರನ್ನು ಕರಗಿಸುವ ಕಿಣ್ವ ತಗ್ಗಿತು. ಬಾಯಲ್ಲಿ ಕ್ರಿಮಿಯೇ ಇಲ್ಲದ ಇಲಿಗಳಲ್ಲೂ ತಗ್ಗಿತು! ಅಂದರೆ ಕ್ರಿಮಿ ಕೊಲ್ಲುವ ಮಾತ್ರೆ ಕ್ರಿಮಿಯನ್ನು ಬಿಟ್ಟು ನಮ್ಮ ದೇಹದ ಕೈ ಹಿಡಿದು ನಿಲ್ಲಿಸಿತ್ತು. ಇದರಿಂದ ಹುಟ್ಟಿದ್ದು 20 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಮಾತ್ರೆ. ಕ್ರಿಮಿ ಸಾಯದಷ್ಟು ಸಣ್ಣ ಡೋಸು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ವಿಚಾರ ಎಷ್ಟು ಚೆಂದ ನೋಡಿ. ಲಾಭ ಮಾತ್ರ ಸಣ್ಣದು. ಅಮೆರಿಕದ ದಂತವೈದ್ಯರ ಸಂಘ ಯೋಚಿಸಬಹುದು ಎನ್ನುತ್ತದೆ, ಯುರೋಪಿನವರು ಬೇಡ ಎನ್ನುತ್ತಾರೆ.

ನಮ್ಮ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನ ಹೆಸರೂ ಈ ಚರ್ಚೆಯಲ್ಲಿದೆ. 2010ರಿಂದ ಈಚೆಗೆ ಅಲ್ಲಿಂದ ಸಾಲು ಸಾಲಾಗಿ ಪ್ರಯೋಗಗಳು ಬಂದವು. ಕೊಲೆಸ್ಟ್ರಾಲ್ ಇಳಿಸಲು ನುಂಗುವ ಸ್ಟಾಟಿನ್, ಶುಗರ್‌ಗೆ ನುಂಗುವ ಮೆಟ್‌ಫಾರ್ಮಿನ್, ಇವನ್ನು ಜೆಲ್ ಮಾಡಿ ಕೆರೆದ ಪಾಕೆಟ್ ಒಳಗೆ ತುಂಬಿದರು. ಬರೀ ಕೆರೆದದ್ದಕ್ಕಿಂತ ಪಾಕೆಟ್ ಜಾಸ್ತಿ ಮುಚ್ಚಿತು, ಮೂಳೆಯೂ ಸ್ವಲ್ಪ ತುಂಬಿತು ಎಂಬ ವರದಿಗಳು. ಆದರೂ ಯುರೋಪಿನ ಮಾರ್ಗಸೂಚಿ ಸದ್ಯಕ್ಕೆ ಬೇಡ ಎಂದಿತು. ಸ್ಟಾಟಿನ್ ಪ್ರಯೋಗಗಳಲ್ಲಿ ಬಹುಪಾಲು ಒಂದೇ ತಂಡದ್ದು ಎನ್ನುವುದು ಅವರ ಒಂದು ತಕರಾರು. ಇದರಲ್ಲಿ ಅವಮಾನ ಏನಿಲ್ಲ. ಒಬ್ಬರ ಅಡುಗೆ ಮನೆಯಲ್ಲಿ ಚೆನ್ನಾಗಿ ಬಂದ ಪಾಕ ಬೇರೆಯವರ ಒಲೆಯ ಮೇಲೂ ಬರಬೇಕು. ಅಗ್ಗದ ಔಷಧಿಗಳು ಇವು. ಬೇರೆ ಊರುಗಳಲ್ಲಿ ದೊಡ್ಡದಾಗಿ ಮಾಡಿ ನೋಡಿದರೆ ನಮ್ಮಂಥ ದೇಶಕ್ಕೇ ಲಾಭ.

ಕಾಂಪ್ಲಿಮೆಂಟ್ ಸೈರನ್ನನ್ನೇ ಬಂದ್ ಮಾಡುವ ಎಎಂವೈ-101 ಎಂಬ ಔಷಧಿಯೂ ಬರುತ್ತಿದೆ. ವಸಡಿಗೆ ಚುಚ್ಚುವ ಇಂಜೆಕ್ಷನ್. 2021ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ವಸಡಿನ ಊತ ಇಳಿಯಿತು. ಹೋದ ಮೂಳೆಯನ್ನು ಮತ್ತೆ ಬೆಳೆಸುವ ಕೆಲಸ 1982ರಲ್ಲಿ ಸ್ವೀಡನ್ನಿನವರು ಒಂದೇ ಒಂದು ಹಲ್ಲಿನ ಸುತ್ತ ಸಣ್ಣ ಪೊರೆ ಇಟ್ಟು ಶುರು ಮಾಡಿದ್ದು. ಈಗ ಹಂದಿಮರಿಯ ಹಲ್ಲಿನಿಂದ ತೆಗೆದ ಪ್ರೋಟೀನ್, ದನದ ಮೂಳೆಯ ಪುಡಿ, ನಮ್ಮದೇ ರಕ್ತ ತಿರುಗಿಸಿ ತೆಗೆದ ಜೆಲ್ಲಿ, ಹೀಗೆ ಬಗೆಬಗೆ ಇದೆ. ಮಾಂಸ ಮುಟ್ಟದ ಮನೆಯವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಇವು ಕೆಲಸ ಮಾಡುವುದು ಎಲ್ಲ ಕಡೆ ಅಲ್ಲ. ಬಾವಿಯ ಹಾಗೆ ಸುತ್ತ ಗೋಡೆ ಉಳಿದಿರುವ ಗುಂಡಿಯಲ್ಲಿ ಮೂಳೆ ತುಂಬುತ್ತದೆ. ಬಯಲಾಗಿ ಸವೆದ ಕಡೆ ಕಷ್ಟ.

ಹೆಚ್ಚು ಸದ್ದು ಮಾಡುವುದು ಇನ್ನೊಂದು ಮಾತು. ವಸಡು ಸರಿ ಮಾಡಿದರೆ ಹೃದಯ, ಮೆದುಳು, ಬಸಿರು ಎಲ್ಲವೂ ಸರಿ ಹೋಗುತ್ತದೆ ಎಂಬುದು. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ನೂರು ವರ್ಷದ ಹಿಂದೆ ಇದೇ ಹುಚ್ಚು ಹಿಡಿದಿತ್ತು. 1910ರಲ್ಲಿ ವಿಲಿಯಂ ಹಂಟರ್ ಎಂಬ ಲಂಡನ್ ವೈದ್ಯ ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಹಲವು ರೋಗಗಳ ಬೇರು ಬಾಯಿಯ ಕೊಳೆಯಲ್ಲಿದೆ ಎಂದ. ಆಮೇಲೆ ಎರಡು ಮೂರು ದಶಕ ಕೀಲು ನೋವು, ಹೊಟ್ಟೆ ನೋವು ಎಂದು ಹೋದವರ ಹಲ್ಲು ಸಾರಾಸಗಟಾಗಿ ಕಿತ್ತರು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯ ಹುಚ್ಚು ಬಿಡಿಸಲು ರೋಗಿಗಳ ಹಲ್ಲು ಕೀಳಿಸಿದ. ಹುಚ್ಚು ಬಿಡಲಿಲ್ಲ.

ಈ ಕಾಲದ ಲೆಕ್ಕ ಹೀಗಿದೆ. ಬಸುರಿಯರಿಗೆ ವಸಡಿನ ಚಿಕಿತ್ಸೆ ಕೊಟ್ಟರೆ ಅವಧಿಗೆ ಮುಂಚಿನ ಹೆರಿಗೆ ತಪ್ಪುತ್ತದೆಯೇ ಎಂದು ಅಮೆರಿಕದಲ್ಲಿ 823 ಹೆಂಗಸರಲ್ಲಿ ನೋಡಿದರು. 2006ರ ಆ ಫಲಿತಾಂಶ ತಪ್ಪುವುದಿಲ್ಲ ಎಂದಿತು. ಬಸಿರಿನಲ್ಲಿ ಚಿಕಿತ್ಸೆ ಮಾಡಿಸಿದರೆ ತೊಂದರೆ ಇಲ್ಲ ಎಂಬ ಒಳ್ಳೇ ಸುದ್ದಿಯೂ ಅದರಲ್ಲೇ ಇತ್ತು. ಹೃದಯ ಕಾಯಿಲೆಗೂ ವಸಡಿಗೂ ನಂಟು ಇದೆ, ಆದರೆ ಒಂದು ಇನ್ನೊಂದನ್ನು ತರುತ್ತದೆ ಎನ್ನಲು ಪುರಾವೆ ಸಾಲದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿತು. 2019ರಲ್ಲಿ ಅಲ್ಜೈಮರ್ ಆಗಿ ಸತ್ತವರ ಮೆದುಳಿನಲ್ಲಿ ಪಿ.ಜಿ.ಯ ಕಿಣ್ವ ಸಿಕ್ಕಿತು ಎಂಬ ಸುದ್ದಿ ಜಗತ್ತೆಲ್ಲ ಹರಡಿತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅದು ಇನ್ನೂ ಓಡಾಡುತ್ತಿದೆ. ಆ ಕಿಣ್ವ ತಡೆಯುವ ಔಷಧಿಯನ್ನು ಕಾರ್ಟೆಕ್ಸೈಮ್ ಕಂಪನಿ 643 ಜನರಲ್ಲಿ ಪರೀಕ್ಷಿಸಿತು. 2021ರಲ್ಲಿ ಫಲಿತಾಂಶ ಬಂತು. ಮರೆವು ನಿಲ್ಲಲಿಲ್ಲ. ಇದು ವಾಟ್ಸಾಪಿಗೆ ಬರಲೇ ಇಲ್ಲ.

ಒಂದು ನಂಟು ಮಾತ್ರ ಗಟ್ಟಿಯಾಗಿ ನಿಂತಿದೆ. ಶುಗರ್ ಕಾಯಿಲೆ. ಇದು ಎರಡೂ ಕಡೆಯಿಂದ ಎಳೆಯುವ ಹಗ್ಗ. ಶುಗರ್ ಹತೋಟಿ ತಪ್ಪಿದರೆ ವಸಡು ಬೇಗ ಕರಗುತ್ತದೆ, ವಸಡಿನ ಉರಿಯೂತ ಜಾಸ್ತಿಯಾದರೆ ಶುಗರ್ ಇಳಿಯುವುದಿಲ್ಲ. 2013ರಲ್ಲಿ ಅಮೆರಿಕದ 514 ಜನರ ಪ್ರಯೋಗದಲ್ಲಿ ವಸಡಿನ ಚಿಕಿತ್ಸೆಯಿಂದ ಶುಗರ್ ಇಳಿಯಲಿಲ್ಲ. ಅಲ್ಲಿ ವಸಡೇ ಪೂರ್ತಿ ವಾಸಿಯಾಗಿರಲಿಲ್ಲ ಎಂದು ಟೀಕೆ ಬಂತು. 2018ರಲ್ಲಿ ಲಂಡನ್ನಿನಿಂದ 264 ಜನರ ಪ್ರಯೋಗದ ವರದಿ ಬಂತು. ಅವರಲ್ಲಿ ಒಂದು ಗುಂಪಿಗೆ ಬಿಡದೆ ಚಿಕಿತ್ಸೆ ಮಾಡಿ, ಇನ್ನೊಂದು ಗುಂಪಿಗೆ ಮಾಮೂಲಿ ಕ್ಲೀನಿಂಗ್ ಅಷ್ಟೇ ಮಾಡಿದ್ದರು. ಒಂದು ವರ್ಷದಲ್ಲಿ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಅಳತೆ, ಬೇರೆ ಗುಂಪಿಗಿಂತ ಶೇಕಡಾ 0.6 ಅಂಶ ಕಡಿಮೆಯಾಯಿತು. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2022ರ ಪರಿಶೀಲನೆ ಇಂಥ ಪ್ರಯೋಗಗಳನ್ನು ಒಟ್ಟು ಹಾಕಿ, ಮೂರು ನಾಲ್ಕು ತಿಂಗಳಲ್ಲಿ ಸರಾಸರಿ 0.43 ಇಳಿಯುತ್ತದೆ ಎಂದಿತು. ಎರಡನೇ ಮಾತ್ರೆಯೊಂದನ್ನು ಸೇರಿಸಿದರೆ ಇಳಿಯುವುದಕ್ಕೆ ಹತ್ತಿರದ ಅಳತೆ ಇದು. ಐಸಿಎಂಆರ್ ಲೆಕ್ಕದಲ್ಲಿ ಭಾರತದಲ್ಲಿ 10 ಕೋಟಿಗೂ ಜಾಸ್ತಿ ಜನರಿಗೆ ಶುಗರ್ ಇದೆ. ಶುಗರ್ ಡಾಕ್ಟರು ಕಾಲು ನೋಡುತ್ತಾರೆ, ಕಣ್ಣು ನೋಡಿಸಿ ಎನ್ನುತ್ತಾರೆ. ಬಾಯಿ ತೆಗೆಯಿರಿ ಎಂದವರನ್ನು ನಾನಂತೂ ಕಂಡಿಲ್ಲ.

ಚಿಕ್ಕಪ್ಪನಿಗೆ ಶುಗರ್ ಬಂದು ಹನ್ನೆರಡು ವರ್ಷ. ಹಲ್ಲು ಅಲ್ಲಾಡುವ ಕಥೆ ಹತ್ತು ವರ್ಷದ್ದು. ಎರಡನ್ನೂ ಜೋಡಿಸಿ ನೋಡಿದ ಮೊದಲಿಗರು ಈ ಹುಡುಗಿಯೇ. "ಅಂಕಲ್, ಮೂರು ತಿಂಗಳ ಶುಗರ್ ರಿಪೋರ್ಟ್ ತನ್ನಿ, ಆಮೇಲೆ ಶುರು ಮಾಡೋಣ" ಎಂದರು.

ಆಮೇಲೆ ಆ ಹಳೇ ದೂರು. ಕ್ಲೀನಿಂಗ್‌ನಿಂದ ಹಲ್ಲು ಸಡಿಲ ಆಗುತ್ತದೆಯೇ? ಡಾಕ್ಟರ್ ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಜೊಲ್ಲಿನ ಸುಣ್ಣದಂಶ ಪ್ಲಾಕ್ ಮೇಲೆ ಕೂತು ಕೂತು ಗಾರೆಯಾಗುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಇದು ಜಾಸ್ತಿ, ಜೊಲ್ಲು ಬರುವ ನಾಳ ಅಲ್ಲೇ ಹತ್ತಿರ ಇದೆ. ಮೂಳೆ ಕರಗಿ ಹಲ್ಲು ಸಡಿಲವಾದರೂ ಈ ಗಾರೆ ನಾಲ್ಕು ಹಲ್ಲನ್ನು ಸೇರಿಸಿ ಸಿಮೆಂಟಿನ ಹಾಗೆ ಹಿಡಿದಿರುತ್ತದೆ. ಗಾರೆ ತೆಗೆದರೆ ಹಲ್ಲು ತನ್ನ ನಿಜವಾದ ಬಲದ ಮೇಲೆ ನಿಲ್ಲಬೇಕು. ಊದಿದ್ದ ವಸಡು ಇಳಿದು ಸಂದಿ ಕಾಣುತ್ತದೆ, ತಣ್ಣೀರು ಜುಮ್ಮೆನ್ನುತ್ತದೆ. ಆದ್ದರಿಂದ ಚಿಕ್ಕಪ್ಪ ಕಂಡದ್ದು ಸುಳ್ಳಲ್ಲ. ಕಳ್ಳತನ ಬಹಳ ಹಿಂದೆಯೇ ಆಗಿತ್ತು, ಡಾಕ್ಟರ್ ಬಾಗಿಲು ತೆಗೆದು ತೋರಿಸಿದರು ಅಷ್ಟೇ.

ಕೆರೆಯುವುದು ಕೆಲಸ ಮಾಡುವುದೂ ಇದೇ ಲೆಕ್ಕದಲ್ಲಿ. ಅದು ಕ್ರಿಮಿಯನ್ನು ನಿರ್ನಾಮ ಮಾಡುವುದಿಲ್ಲ. ಗೂಡು ಒಡೆಯುತ್ತದೆ, ಉರಿಯೂತ ಇಳಿಯುತ್ತದೆ, ಊಟ ಸಿಗದ ಕೆಟ್ಟ ಕ್ರಿಮಿಗಳು ಸೊರಗುತ್ತವೆ. ಆದರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಸೇರುತ್ತವೆ. ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಊರಿನಲ್ಲಿ 1970ರ ದಶಕದ ಮೊದಲಿಗೆ 375 ಜನರನ್ನು ಹಿಡಿದು ಪರ್ ಆಕ್ಸೆಲ್ಸನ್ ಮತ್ತು ಯಾನ್ ಲಿಂಡೆ ಒಂದು ಕೆಲಸ ಶುರು ಮಾಡಿದರು. ಮೊದಲ ಎರಡು ವರ್ಷ ಎರಡು ತಿಂಗಳಿಗೊಮ್ಮೆ ಕರೆದು ಹಲ್ಲು ಸಂದಿ ಹೇಗೆ ಉಜ್ಜಬೇಕೆಂದು ಕೈ ಹಿಡಿದು ಕಲಿಸಿದರು, ಸ್ವಚ್ಛ ಮಾಡಿದರು. ಆಮೇಲೆ ಅವರವರ ಬಾಯಿಗೆ ತಕ್ಕಂತೆ, ಕೆಲವರಿಗೆ ಮೂರು ತಿಂಗಳು, ಕೆಲವರಿಗೆ ವರ್ಷ. 30 ವರ್ಷದಲ್ಲಿ ಒಬ್ಬೊಬ್ಬರು ಕಳೆದುಕೊಂಡ ಹಲ್ಲು ವಯಸ್ಸಿಗೆ ತಕ್ಕಂತೆ ಸರಾಸರಿ 0.4ರಿಂದ 1.8. ಅದೂ ಬಹುಪಾಲು ಬೇರು ಸೀಳಿ ಹೋದದ್ದು, ವಸಡಿನಿಂದಲ್ಲ.

ಆದರೆ ಇದನ್ನು ಕೇಳಿ ಎಲ್ಲರೂ ಆರು ತಿಂಗಳಿಗೊಮ್ಮೆ ಕ್ಲೀನಿಂಗ್‌ಗೆ ಓಡಬೇಕಿಲ್ಲ. ಬ್ರಿಟನ್ನಿನಲ್ಲಿ ತೀವ್ರ ಕಾಯಿಲೆ ಇಲ್ಲದ ವಯಸ್ಕರಲ್ಲಿ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ, ಮಾಡಿಸದೆಯೇ ಇರುವುದು, ಈ ಮೂರನ್ನೂ ಹೋಲಿಸಿ ನೋಡಿದರು. ಮೂರು ವರ್ಷದ ಕೊನೆಗೆ ವಸಡಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದು 2018ರ ವರದಿ. ಪಾಕೆಟ್ ಇಲ್ಲದವರು ಹೊಳಪಿಗೆ ದುಡ್ಡು ಕೊಡುತ್ತಾರೆ, ಪಾಕೆಟ್ ಇರುವವರು ಹಲ್ಲು ಸಡಿಲವಾಗುತ್ತದೆಂದು ಹೆದರಿ ಹೋಗುವುದಿಲ್ಲ. ನಮ್ಮ ಕಡೆ ನಡೆಯುವುದು ಇದೇ ಉಲ್ಟಾ ವ್ಯಾಪಾರ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಹೇಳುವುದು ಆ ಮಿಲಿಮೀಟರ್ ಕಡ್ಡಿ. ಡಾಕ್ಟರ್ ಅದನ್ನು ಮುಟ್ಟದೆಯೇ ಕ್ಲೀನಿಂಗ್ ಶುರು ಮಾಡಿದರೆ "ಅಳತೆ ನೋಡ್ತೀರಾ?" ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಚಿಕ್ಕಪ್ಪನಿಗೆ ನಾಲ್ಕು ಸಲ ಕೂರಿಸಿ, ಮರಗಟ್ಟಿಸಿ, ಬೇರಿನ ತನಕ ಕೆರೆದರು. ಹಲ್ಲು ಸಂದಿಗೆ ಹಾಕುವ ಬಾಟಲಿ ತೊಳೆಯುವ ಬ್ರಷ್ ಥರದ ಪುಟಾಣಿ ಬ್ರಷ್ ಕೊಟ್ಟರು. ಮೊದಲ ವಾರ ಅದರ ತುಂಬ ರಕ್ತ. ಬಿಟ್ಟುಬಿಡುತ್ತೇನೆ ಎಂದರು. ರಕ್ತ ಬರುವ ಕಡೆಯೇ ಜಾಸ್ತಿ ಉಜ್ಜಬೇಕು ಎಂದು ಚಿಕ್ಕಮ್ಮ ಕನ್ನಡಿ ಮುಂದೆ ನಿಂತು ಕಾವಲು ಕಾದರು. ಮೂರು ತಿಂಗಳಿಗೆ ಮತ್ತೆ ಅಳತೆ. "ಮೂರು, ಎರಡು, ಮೂರು." ಅಲ್ಲಾಡುವ ಹಲ್ಲಿಗೆ ಬಂದಾಗ ಸಹಾಯಕಿ ಬರೆದದ್ದು ನಾಲ್ಕು. ಏಳು ಹೋಗಿ ನಾಲ್ಕು. ಹಲ್ಲು ಇನ್ನೂ ಸ್ವಲ್ಪ ಅಲ್ಲಾಡುತ್ತದೆ. ಹೋದ ಮೂಳೆ ಬಂದಿಲ್ಲ.

ಮೊನ್ನೆ ಗೃಹಪ್ರವೇಶ ಒಂದರಲ್ಲಿ ಸಿಕ್ಕಿದ್ದರು. ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳುತ್ತಿದ್ದುದು ಕೇಳಿಸಿತು. "ಆ ಹುಡುಗಿ ಕೈಗುಣ ಚೆನ್ನಾಗಿದೆ ಕಣಯ್ಯ, ರಕ್ತ ನಿಲ್ಸಿದ್ಲು. ಆದ್ರೆ ಹಲ್ಲೆಲ್ಲ ಸಂದಿ ಮಾಡ್ಬಿಟ್ಲು, ಹೋಳಿಗೆ ತಿಂದ್ರೆ ಒಳಗೇ ಸಿಕ್ಕಾಕ್ಕೊಳುತ್ತೆ."